ಬರೆದಾದ ಮೇಲೆ ಹೊರುವ ಹರಕೆ

ಕೊಟ್ಟುಬಂದ ಉತ್ತರಪತ್ರಿಕೆಯ ಮೇಲೆ ಅದನ್ನು ಬರೆದವನಿಗೆ ಯಾವ ಅಧಿಕಾರವೂ ಉಳಿದಿರುವುದಿಲ್ಲ. ಕೊಠಡಿಯ ಮೇಲ್ವಿಚಾರಕರು ಅದನ್ನು ಕೈಯಿಂದ ತೆಗೆದುಕೊಂಡು, ನೋಂದಣಿ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಕಟ್ಟು ಕಟ್ಟಿ ಮೊಹರು ಹಾಕಲು ಒಪ್ಪಿಸಿದ ಗಳಿಗೆಯಿಂದ ಅದರೊಳಗಿನ ಸರಿಯೆಲ್ಲವೂ ತಪ್ಪೆಲ್ಲವೂ ಭೂತಕಾಲಕ್ಕೆ ಸಂದ ವಸ್ತುಗಳಾಗುತ್ತವೆ. ಇದನ್ನು ಅರಿಯದವರು ಯಾರೂ ಇಲ್ಲ. ಹಾಗಿದ್ದರೂ, ಸಂಡೂರು ತಾಲ್ಲೂಕಿನ ಚೋರನೂರು ಹೋಬಳಿಯ ಹಳ್ಳಿಗಳಿಂದ ದ್ವಿತೀಯ ಪಿಯುಸಿಯ ಸಂಖ್ಯಾಶಾಸ್ತ್ರದ ಪರೀಕ್ಷೆಗೆ ಹೋದ ಮಕ್ಕಳು, ಗಣಿಲಾರಿಗಳ ಕೆಂಪು ಧೂಳು ಕೂತ ಬಸ್ಸಿನಿಂದ ಊರಿನಲ್ಲಿ ಇಳಿದು ಮನೆಯ ದಾರಿ ಹಿಡಿಯುವುದಕ್ಕೆ ಮುನ್ನ, ಆ ಭೂತಕಾಲವನ್ನು ಕುರಿತೇ ಎರಡು ಬಗೆಯ ವ್ಯಾಪಾರದಲ್ಲಿ ತೊಡಗುತ್ತಾರೆ. ಒಂದು ಬಗೆಯವರು ಪ್ರಶ್ನೆಪತ್ರಿಕೆಯನ್ನು ಬಿಡಿಸಿಕೊಂಡು ನಿಂತು, ತಮ್ಮ ಉತ್ತರವನ್ನು ಪಕ್ಕದವರ ಉತ್ತರದೊಡನೆ ಸಾಲುಸಾಲಾಗಿ ತಾಳೆ ನೋಡುತ್ತಾರೆ. ಇನ್ನೊಂದು ಬಗೆಯವರು ಕಿವಿಗೊಡದೆ ಸರಿದುಹೋಗಿ, ಸಂಡೂರಿನ ಕುಮಾರಸ್ವಾಮಿಗೋ ಕೊಟ್ಟೂರೇಶ್ವರನಿಗೋ ಮನಸ್ಸಿನಲ್ಲಿಯೇ ಒಂದು ಹರಕೆ ಹೊರುತ್ತಾರೆ.

ಹಿರಿಯರ ಕಣ್ಣಿಗೆ ಎರಡನೆಯವರೇ ವಿವೇಕಿಗಳು. ಆದದ್ದು ಆಗಿಹೋಯಿತು, ಅದನ್ನೇ ಕೆದಕಿ ನಾಳೆಯ ಪತ್ರಿಕೆಯನ್ನೂ ಯಾಕೆ ಕೆಡಿಸಿಕೊಳ್ಳುತ್ತೀ, ದೇವರ ಮೇಲೆ ಭಾರ ಹಾಕು ಎಂದು ಅಮ್ಮಂದಿರು ಹೇಳುವುದು ಎಲ್ಲ ಮನೆಗಳಲ್ಲಿಯೂ ಕೇಳಿಬರುವ ಮಾತು. ಲೌಕಿಕವಾಗಿ ಅದು ಒಳ್ಳೆಯ ಬುದ್ಧಿವಾದವೇ ಸರಿ. ಆದರೆ ಧರ್ಮದ ದೃಷ್ಟಿಯಿಂದ ನೋಡುವಾಗ ನನಗೆ ಈ ಶ್ರೇಣಿ ತಲೆಕೆಳಗಾದಂತೆ ತೋರುತ್ತದೆ.

ಮೊದಲು ಹರಕೆಯ ವಿಷಯವನ್ನೇ ವಿಚಾರಿಸೋಣ. ಪರೀಕ್ಷೆಗೆ ಮುಂಚೆ ಬೇಡಿಕೊಂಡರೆ ಬುದ್ಧಿಯನ್ನು ಪ್ರಚೋದಿಸೆಂದು ಬೇಡಿದಂತಾಯಿತು. ಫಲಿತಾಂಶಕ್ಕೆ ಮುಂಚೆ ಬೇಡಿಕೊಂಡರೆ, ಏನನ್ನು ಬೇಡಿದಂತಾಯಿತು? ಬರೆದ ಉತ್ತರ ತಪ್ಪಾಗಿದ್ದರೆ ಮೊಹರು ಮಾಡಿದ ಕಟ್ಟಿನೊಳಗೆ ಅಂಕಿಗಳು ಮಾರ್ಪಡಬೇಕೆಂದೇ? ಮೌಲ್ಯಮಾಪಕನ ಕಣ್ಣು ಮಂಜಾಗಬೇಕೆಂದೇ? ಮೊದಲನೆಯದು ಅಸಂಭವ, ಎರಡನೆಯದು ದೇವರನ್ನು ವಂಚನೆಯಲ್ಲಿ ಪಾಲುಗಾರನನ್ನಾಗಿ ಮಾಡಿಕೊಳ್ಳುವುದು. ಯೆಹೂದ್ಯರ ಪ್ರಾಚೀನ ಧರ್ಮಗ್ರಂಥವಾದ ಮಿಶ್ನಾದಲ್ಲಿ, ಪ್ರಾರ್ಥನೆಗಳನ್ನು ಕುರಿತ ಭಾಗದಲ್ಲಿ, ಇದಕ್ಕೆ ಸ್ಪಷ್ಟವಾದ ನಿಷೇಧವುಂಟು: ಊರೊಳಗೆ ಕಾಲಿಡುತ್ತಿರುವಾಗ ಯಾರದೋ ಗೋಳು ಕೇಳಿಸಿದವನು, ಆ ಗೋಳು ತನ್ನ ಮನೆಯದಾಗದಿರಲೆಂದು ಪ್ರಾರ್ಥಿಸಿದರೆ ಆ ಪ್ರಾರ್ಥನೆ ವ್ಯರ್ಥವೆಂದು ಅಲ್ಲಿಯ ಧರ್ಮಜ್ಞರ ನಿರ್ಣಯ, ಏಕೆಂದರೆ ಗೋಳು ಯಾರ ಮನೆಯದೆಂಬುದು ಆಗಲೇ ತೀರ್ಮಾನವಾಗಿದೆ. ನಮ್ಮ ವೇದಾಂತಿಗಳೂ ಪ್ರಾರಬ್ಧವನ್ನು ಕುರಿತು ಹೆಚ್ಚು ಸಡಿಲವಾದ ಮಾತನ್ನು ಆಡಿದವರಲ್ಲ. ಜ್ಞಾನದಿಂದ ಹಿಂದೆ ಕೂಡಿಟ್ಟ ಸಂಚಿತ ಕರ್ಮವು ದಗ್ಧವಾದರೂ, ಮುಂದೆ ಮಾಡುವ ಆಗಾಮಿ ಕರ್ಮವು ಅಂಟದಿದ್ದರೂ, ಫಲಕೊಡಲು ತೊಡಗಿದ ಕರ್ಮವು ಬಿಲ್ಲನ್ನು ಬಿಟ್ಟ ಬಾಣದಂತೆ ತನ್ನ ವೇಗ ತೀರುವವರೆಗೂ ಹೋಗಿಯೇ ತೀರುವುದೆಂದು ಅವರು ಹೇಳಿದರು. ಜ್ಞಾನಿಗೂ ಇಲ್ಲದ ರಿಯಾಯಿತಿಯನ್ನು ಪಿಯುಸಿಯ ವಿದ್ಯಾರ್ಥಿಯು ಒಂದು ತೆಂಗಿನಕಾಯಿಗೆ ನಿರೀಕ್ಷಿಸುವುದು ಹೇಗೆ?

ಆದರೂ ಹರಕೆಯ ಪಕ್ಷದಲ್ಲಿ ಹೇಳತಕ್ಕ ಮಾತು ಒಂದುಂಟು, ಮತ್ತು ಅದು ಹಗುರವಾದ ಮಾತಲ್ಲ. ಈಶ್ವರನಿಗೆ ಭೂತ ಭವಿಷ್ಯತ್ತುಗಳೆಂಬ ಭೇದವಿಲ್ಲವಾದರೆ, ಸಂಜೆ ಬಸ್ಸಿಳಿದ ಮೇಲೆ ಹೊರಲಿರುವ ಹರಕೆಯು ಬೆಳಗ್ಗೆ ಪರೀಕ್ಷೆಯ ವೇಳೆಯಲ್ಲಿಯೇ ಅವನಿಗೆ ವಿದಿತವಾಗಿರಬೇಕಷ್ಟೆ. ಆ ಹರಕೆಯನ್ನು ಮನ್ನಿಸಿ ಬೆಳಗ್ಗೆಯೇ ಅವನು ಸರಿಯಾದ ಸೂತ್ರವನ್ನು ನೆನಪಿಗೆ ತಂದುಕೊಟ್ಟಿರಬಹುದಲ್ಲವೇ? ಇಂಗ್ಲೆಂಡಿನ ತತ್ತ್ವಜ್ಞ ಮೈಕಲ್ ಡಮೆಟ್ 1964 ರಲ್ಲಿ ಬರೆದ ಒಂದು ಲೇಖನದಲ್ಲಿ ಈ ವಾದವನ್ನು ಗಂಭೀರವಾಗಿಯೇ ಎತ್ತಿಕೊಂಡನು. ಹಡಗೊಂದು ಕೆಲವು ತಾಸುಗಳ ಹಿಂದೆ ಮುಳುಗಿತೆಂದು ರೇಡಿಯೋದಲ್ಲಿ ಕೇಳಿದ ತಂದೆಯು, ಬದುಕಿ ಉಳಿದವರಲ್ಲಿ ತನ್ನ ಮಗನೂ ಇದ್ದಿರಲೆಂದು ಪ್ರಾರ್ಥಿಸುವುದನ್ನು ಅಸಂಗತವೆಂದು ತಳ್ಳಿಹಾಕಲು ಸುಲಭವಾದ ಕಾರಣ ಸಿಗದೆಂದು ಅವನು ತೋರಿಸಿದನು. ಆದರೆ ಈ ಪ್ರಾರ್ಥನೆಗೆ ಒಂದು ನಿಬಂಧನೆಯುಂಟು: ಮಗನ ಗತಿ ತಂದೆಗೆ ತಿಳಿದಿರಬಾರದು. ಬದುಕಿಲ್ಲವೆಂಬ ತಂತಿ ಕೈಗೆ ಬಂದ ಮೇಲೆ ಆ ಪ್ರಾರ್ಥನೆ ಬಾಯಿಗೆ ಬರಲಾರದು.

ನಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. ಕಳೆದುದನ್ನು ಕುರಿತ ಹರಕೆಯು ಅಜ್ಞಾನದ ಆಶ್ರಯದಲ್ಲಿ ಮಾತ್ರ ಬದುಕಬಲ್ಲುದು. ಉತ್ತರಗಳನ್ನು ತಾಳೆ ನೋಡುವ ಕಾರ್ಯವಾದರೋ ಆ ಅಜ್ಞಾನವನ್ನೇ ಕಳೆಯತಕ್ಕದ್ದು. ಹಾಗಾಗಿ ಹರಕೆ ಹೊತ್ತವನು ಗೆಳೆಯರ ಗುಂಪಿನಿಂದ ದೂರ ಸರಿಯುವುದು ಕೇವಲ ಅಂಜಿಕೆಯಿಂದಲ್ಲ. ತಿಳಿದುಬಿಟ್ಟರೆ ತನ್ನ ದೇವರಿಗೆ ಮಾಡಲು ಕೆಲಸವಿಲ್ಲವಾಗುವುದೆಂಬ ಒಳಗಿನ ಲೆಕ್ಕದಿಂದ. ಅಲ್ಲಿಯೇ ನಿಂತು ತಾಳೆ ನೋಡುವವನು ಯಾವ ಲಾಭವೂ ಸಿಗದೆಂದು ಬಲ್ಲವನಾಗಿ, ಇದ್ದ ಆಸೆಯನ್ನೂ ಪಣಕ್ಕೊಡ್ಡಿ, ನಿಜವೇನೆಂದು ಕೇಳುತ್ತಾನೆ. ಅವನ ಮನಸ್ಸಿನಲ್ಲಿ ಹೆಮ್ಮೆ, ಹೊಟ್ಟೆಕಿಚ್ಚು, ತನಗಿಂತ ಹೆಚ್ಚು ಕೆಡಿಸಿಕೊಂಡವರು ಇದ್ದಾರೆಂಬ ಸಮಾಧಾನ, ಇವೆಲ್ಲವೂ ಬೆರೆತಿರುವುದನ್ನು ನಾನು ಅಲ್ಲಗಳೆಯಲಾರೆ. ಶುದ್ಧವಾದ ಜಿಜ್ಞಾಸೆ ಹದಿನೆಂಟರ ವಯಸ್ಸಿನಲ್ಲಿ ಎಲ್ಲಿಯದು. ಎಂಬತ್ತರಲ್ಲಿ ತಾನೆ ಎಲ್ಲಿಯದು? ಆದರೂ ಅಂಕವನ್ನು ಹೆಚ್ಚಿಸಲಾರದ ಸತ್ಯವನ್ನು ಅಂಕಕ್ಕಾಗಿಯೇ ಓದಿದವರು ಕೇಳುವುದುಂಟಾದರೆ, ಅದು ಆ ಬಸ್ಸಿಳಿದ ಗಳಿಗೆಯಲ್ಲಿ.

ಆ ಗುಂಪಿನ ಹತ್ತಿರಕ್ಕೇ ಹೋಗಿ ನೋಡುವುದಾದರೆ, ನಡೆಯುವ ಚರ್ಚೆ ಹೊರಗಿನಿಂದ ತೋರುವಷ್ಟು ಬಾಲಿಶವಾದುದಲ್ಲ. ಪ್ರಶ್ನೆ ಇಂಥದೊಂದಿರಲೆಂದು ಇಟ್ಟುಕೊಳ್ಳೋಣ: ಯಂತ್ರವೊಂದು 50 ಕಿಲೋ ತೂಕದ ಚೀಲಗಳನ್ನು ತುಂಬಬೇಕು, ಅದು ತುಂಬಿದ 64 ಚೀಲಗಳನ್ನು ತೂಗಿದಾಗ ಸರಾಸರಿ 50.37 ಕಿಲೋ, ಮಾನಕ ವಿಚಲನೆ 1.6 ಕಿಲೋ ಬಂದಿದೆ. ಶೇಕಡಾ 5 ರ ಮಟ್ಟದಲ್ಲಿ ಯಂತ್ರವನ್ನು ಪರೀಕ್ಷಿಸಿರಿ.

"ನಿಂದೆಷ್ಟು ಬಂತಲೇ?"

"ಒಂದು ಪಾಯಿಂಟ್ ಎಂಟೈದು."

"ನಂದೂ ಅಷ್ಟೇ. ಒಪ್ಪಿದ್ಯೋ, ಬಿಟ್ಯೋ?"

"ಒಪ್ಪಿದೆ. ಟೇಬಲ್ಲಿನಾಗ ಒಂದು ಪಾಯಿಂಟ್ ಒಂಬತ್ತಾರು ಐತಲ್ಲ, ಅದಕ್ಕಿಂತ ಕಡಿಮೆ."

"ನಾನು ಒಂದು ಪಾಯಿಂಟ್ ಆರೈದು ತಗೊಂಡು ತಿರಸ್ಕರಿಸಿ ಬಂದೆ."

ಗುಂಪು ಸ್ತಬ್ಧವಾಗುತ್ತದೆ. ಇಬ್ಬರೂ 1.6 ನ್ನು 64 ರ ವರ್ಗಮೂಲದಿಂದ ಭಾಗಿಸಿ 0.2 ಪಡೆದಿದ್ದಾರೆ; ಇಬ್ಬರೂ 0.37 ನ್ನು ಅದರಿಂದ ಭಾಗಿಸಿ 1.85 ಪಡೆದಿದ್ದಾರೆ; ಲೆಕ್ಕದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಹಾಗಿದ್ದರೂ ಒಬ್ಬನ ಪಾಲಿಗೆ ಯಂತ್ರ ಸರಿಯಾಗಿದೆ, ಮತ್ತೊಬ್ಬನ ಪಾಲಿಗೆ ಕೆಟ್ಟಿದೆ. ಕಾರಣವೇನೆಂದರೆ ಒಬ್ಬನು ಯಂತ್ರದ ಸರಾಸರಿ 50 ಹೌದೋ ಅಲ್ಲವೋ ಎಂದು ಕೇಳಿ, ಎರಡೂ ದಿಕ್ಕಿನ ತಪ್ಪನ್ನು ಎಣಿಕೆಗೆ ತೆಗೆದುಕೊಂಡನು; ಮತ್ತೊಬ್ಬನು ಯಂತ್ರ ಹೆಚ್ಚಿಗೆ ತುಂಬುತ್ತಿದೆಯೋ ಎಂದು ಕೇಳಿ, ಒಂದೇ ದಿಕ್ಕನ್ನು ನೋಡಿದನು. ಅವರು ಕಾದಾಡುತ್ತಿರುವುದು ಉತ್ತರಕ್ಕಾಗಿ ಎಂದು ಅವರೇ ತಿಳಿದಿದ್ದಾರೆ, ಭೇದವಿರುವುದು ಪ್ರಶ್ನೆಯಲ್ಲಿ. ಅಷ್ಟರಲ್ಲಿ ಮೂರನೆಯವನು, ವರ್ಗಮೂಲವನ್ನು ಮರೆತು 64 ರಿಂದಲೇ ಭಾಗಿಸಿದವನು, ಅಳುಕುತ್ತ ತನ್ನ ಉತ್ತರವನ್ನು ಹೊರಗೆಡಹುತ್ತಾನೆ: ಹದಿನಾಲ್ಕು ಪಾಯಿಂಟ್ ಎಂಟು. ಎಲ್ಲರೂ ನಗುತ್ತಾರೆ, ಸ್ವಲ್ಪ ಹೊತ್ತಿನ ಮೇಲೆ ಅವನೂ ನಗುತ್ತಾನೆ.

ಮೊದಲಿಬ್ಬರ ವಿವಾದವನ್ನು ಬಿಡಿಸಲು ಈ ಸೀಮೆಗೆ ಹೊಸಬರಾದ ಪಂಡಿತರು ಬೇಕಾಗಿಲ್ಲ; ಇಲ್ಲಿ ಬಹುಕಾಲದಿಂದ ನೆಲೆಸಿರುವ ಜೈನರ ತರ್ಕವೇ ಸಾಕು. ಹಂಪೆಯಲ್ಲಿ ಗಾಣಗಿತ್ತಿ ದೇವಾಲಯವೆಂದು ಜನ ಕರೆಯುವ ಜಿನಾಲಯವನ್ನು ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು ಕಟ್ಟಿಸಿದ್ದು 1385 ರಲ್ಲಿ. ಕನ್ನಡ ನಾಡಿನ ಅಸಂಖ್ಯಾತ ಜೈನ ಶಾಸನಗಳು ಆರಂಭವಾಗುವುದೇ ಸ್ಯಾದ್ವಾದದ ಸ್ತುತಿಯಿಂದ. ಒಂದು ಅಪೇಕ್ಷೆಯಿಂದ ಇದೆ, ಮತ್ತೊಂದು ಅಪೇಕ್ಷೆಯಿಂದ ಇಲ್ಲ, ಇನ್ನೊಂದು ಅಪೇಕ್ಷೆಯಿಂದ ಅವಕ್ತವ್ಯ ಎಂದು ಮುಂತಾಗಿ ಏಳು ಭಂಗಿಗಳಲ್ಲಿ ವಸ್ತುವನ್ನು ನುಡಿಯುವ ಆ ವಾದವನ್ನು, ಏನನ್ನೂ ಖಂಡಿತವಾಗಿ ಹೇಳದ ಸಂಶಯವಾದವೆಂದು ಇತರ ದರ್ಶನದವರು ಹೀಗಳೆದದ್ದುಂಟು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1931 ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಪ್ರಶಾಂತಚಂದ್ರ ಮಹಲನೋಬಿಸರು 1954 ರಲ್ಲಿ ತಮ್ಮ ಶಾಸ್ತ್ರದ ತಳಹದಿಯನ್ನು ಕುರಿತು ಬರೆಯುವಾಗ ಈ ಸಪ್ತಭಂಗಿಯ ಕಡೆಗೇ ತಿರುಗಿದರು. ಅನಿಶ್ಚಯಕ್ಕೂ ಒಂದು ನಿಯತವಾದ ರೂಪವನ್ನು ಕೊಡುವ ಈ ತರ್ಕದಲ್ಲಿ ಸಂಭವನೀಯತೆಯ ಶಾಸ್ತ್ರಕ್ಕೆ ಆಧಾರವಾಗಬಲ್ಲ ಅಂಶವನ್ನು ಅವರು ಕಂಡರು. ಜೀವವಿಜ್ಞಾನಿ ಹಾಲ್ಡೇನ್ 1957 ರಲ್ಲಿ ಆ ಸಂಸ್ಥೆಗೆ ಬಂದು ಸೇರಿದ ವರ್ಷವೇ ಅದರ ನಿಯತಕಾಲಿಕವಾದ 'ಸಂಖ್ಯಾ'ದಲ್ಲಿ ಸ್ಯಾದ್ವಾದವನ್ನು ಕುರಿತು ಪ್ರತ್ಯೇಕವಾಗಿಯೇ ಬರೆದರು.

ಆದರೆ ಸ್ಯಾದ್ವಾದದ ಹೆಸರಿನಲ್ಲಿ ಎಲ್ಲರದೂ ಸರಿ ಎಂದು ಬೆನ್ನು ತಟ್ಟುವ ಈಚಿನ ಔದಾರ್ಯಕ್ಕೆ ಜೈನ ತಾರ್ಕಿಕರು ಒಪ್ಪುತ್ತಿರಲಿಲ್ಲ. ತನ್ನ ನಿಲುವನ್ನು ಹೇಳಿ ಇತರ ನಿಲುವುಗಳಿಗೆ ಎಡೆಯುಳಿಸುವುದನ್ನು ನಯವೆಂದೂ, ತನ್ನದೊಂದೇ ನಿಲುವೆಂದು ಸಾಧಿಸುವುದನ್ನು ದುರ್ನಯವೆಂದೂ ಅವರು ಬೇರ್ಪಡಿಸಿದರು. 1.96 ರವನೂ 1.65 ರವನೂ ತಾವು ಯಾವ ಪ್ರಶ್ನೆಯನ್ನು ಕೇಳಿಕೊಂಡೆವೆಂಬುದನ್ನು ಮೊದಲ ಸಾಲಿನಲ್ಲಿಯೇ ಬರೆದಿದ್ದರೆ ಇಬ್ಬರದೂ ನಯ. ಬರೆಯದಿದ್ದರೆ ಇಬ್ಬರದೂ ದುರ್ನಯ. ಹದಿನಾಲ್ಕು ಪಾಯಿಂಟ್ ಎಂಟಾದರೋ ಯಾವ ಅಪೇಕ್ಷೆಯಿಂದ ನೋಡಿದರೂ ತಪ್ಪೇ.

ತಾಳೆ ನೋಡುವುದರ ಬೆಲೆ ಏನೆಂಬುದನ್ನು ಕುರಿತು ನಮ್ಮ ದರ್ಶನಕಾರರಲ್ಲಿ ಹಳೆಯದೊಂದು ಜಗಳವೇ ಉಂಟು. ಜ್ಞಾನವು ಹುಟ್ಟುವಾಗಲೇ ತನ್ನ ಪ್ರಾಮಾಣ್ಯವನ್ನು ಹೊತ್ತು ಹುಟ್ಟುತ್ತದೆ, ಅದನ್ನು ಬಾಧಿಸುವ ಇನ್ನೊಂದು ಜ್ಞಾನ ಬರುವವರೆಗೆ ಅದನ್ನು ನಂಬಲು ಬೇರೆ ಸಾಕ್ಷಿ ಬೇಡವೆಂದು ಕುಮಾರಿಲಭಟ್ಟನ ಮೀಮಾಂಸಕರು. ಹಾಗಲ್ಲ, ಜ್ಞಾನ ಸರಿಯೆಂಬುದು ಹೊರಗಿನಿಂದ, ಅದನ್ನು ನಂಬಿ ಮಾಡಿದ ಪ್ರವೃತ್ತಿ ಸಫಲವಾದಾಗ ತಿಳಿಯತಕ್ಕದ್ದೆಂದು ನೈಯಾಯಿಕರು. ಪರೀಕ್ಷೆಯ ಕೊಠಡಿಯೊಳಗಿರುವ ವಿದ್ಯಾರ್ಥಿ ಮೀಮಾಂಸಕ; ತನಗೆ ಬಂದ ಉತ್ತರವನ್ನು ಸಹಜವಾಗಿ ನಂಬಿ ಮುಂದಿನ ಪ್ರಶ್ನೆಗೆ ಹೋಗದಿದ್ದರೆ ಮೂರು ತಾಸುಗಳಲ್ಲಿ ಪತ್ರಿಕೆ ಮುಗಿಯುವುದೇ ಇಲ್ಲ. ಹೊರಗೆ ಬಂದೊಡನೆ ಅವನು ನೈಯಾಯಿಕನಾಗುತ್ತಾನೆ. ಆದರೆ ಹೊರಗಿನ ಸಾಕ್ಷಿಗಳು ಎಷ್ಟು ಮಂದಿಯೆಂಬುದನ್ನು ತಲೆಯೆಣಿಸಿ ಹೇಳುವುದು ಅಪಾಯಕರ. ಒಂದೇ ಟ್ಯೂಷನ್ನಿಗೆ ಹೋಗಿ, ಒಂದೇ ಗೈಡಿನಿಂದ ಸೂತ್ರವನ್ನು ಉರುಹೊಡೆದ ನಾಲ್ವರು ಒಂದೇ ಉತ್ತರವನ್ನು ಹೇಳಿದರೆ ಅದು ನಾಲ್ಕು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ ನಾಲ್ಕು ಬಾಯಿಂದ ನುಡಿದಂತೆ. 1907 ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಪ್ಲಿಮತ್ತಿನ ದನಗಳ ಜಾತ್ರೆಯೊಂದರಲ್ಲಿ ಎತ್ತಿನ ಮಾಂಸದ ತೂಕವನ್ನು ಊಹಿಸಿದ 787 ಚೀಟಿಗಳನ್ನು ಪರಿಶೀಲಿಸಿ, ಅವುಗಳ ಮಧ್ಯಾಂಕವು 1207 ಪೌಂಡು, ನಿಜವಾದ ತೂಕ 1198 ಪೌಂಡು ಎಂದು ಪ್ರಕಟಿಸಿದಾಗ, ಬಹುಜನರ ಮಾತಿಗೆ ಬೆಲೆ ಬಂದಿತೆಂದು ಲೋಕ ಹಿಗ್ಗಿತು. ಆ ಚೀಟಿಗಳನ್ನು ಜನರು ಒಬ್ಬರದೊಬ್ಬರು ನೋಡದೆ ಬರೆದುದರಿಂದಲೇ ಆ ಬೆಲೆ ಬಂದದ್ದೆಂಬುದನ್ನು ಮರೆಯಿತು.

ಈ ತಾಳೆ ನೋಡುವವರಿಗೆ ಪುರಾಣದಲ್ಲಿ ಒಬ್ಬ ಹಿರಿಯನಿದ್ದಾನೆ. ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರಿಗೆ ಮನೆಮಾತಾದ ನಳನು, ಬಾಹುಕನೆಂಬ ಸಾರಥಿಯ ವೇಷದಲ್ಲಿ ಋತುಪರ್ಣ ರಾಜನನ್ನು ದಮಯಂತಿಯ ಎರಡನೆಯ ಸ್ವಯಂವರಕ್ಕೆಂದು ಕರೆದೊಯ್ಯುತ್ತಿದ್ದ ದಾರಿಯಲ್ಲಿ ಒಂದು ತಾರೆಮರ ಎದುರಾಗುತ್ತದೆ. ಮಹಾಭಾರತದ ಅರಣ್ಯಪರ್ವದಲ್ಲಿ ಹೇಳಿರುವಂತೆ, ರಾಜನು ಓಡುವ ರಥದಿಂದಲೇ ಅದನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ 2095 ಕಾಯಿಗಳೂ ಇವೆಯೆಂದು ನುಡಿದುಬಿಡುತ್ತಾನೆ. ಬಾಹುಕನು ರಥ ನಿಲ್ಲಿಸುತ್ತಾನೆ. ನಿನ್ನ ಮಾತು ಕಣ್ಣಿಗೆ ಕಾಣದುದು, ಮರವನ್ನು ಕಡಿದು ಎಣಿಸಿಯೇ ನೋಡುವೆನೆನ್ನುತ್ತಾನೆ. ಸ್ವಯಂವರಕ್ಕೆ ಹೊತ್ತು ಮೀರುತ್ತಿದೆ; ಆ ಸ್ವಯಂವರ ತನ್ನ ಹೆಂಡತಿಯದೇ; ಅರಸನ ಮಾತನ್ನು ಆಳು ಪರೀಕ್ಷಿಸುವುದು ಮರ್ಯಾದೆಯೂ ಅಲ್ಲ. ಅರಸನು ಬೇಡಿಕೊಂಡು ಕಡೆಗೆ, ಕೊಂಬೆಯ ಒಂದು ಭಾಗವನ್ನಾದರೂ ಎಣಿಸಿಕೋ ಎನ್ನುತ್ತಾನೆ. ಪ್ರತಿದರ್ಶ ಪರೀಕ್ಷೆಯನ್ನು ಬಲ್ಲವನ ಮಾತು ಅದು. ನಳನು ಮರವನ್ನೇ ಉರುಳಿಸಿ ಎಣಿಸಿದನು, ಲೆಕ್ಕ ಸರಿಯಾಗಿತ್ತು. ಸರಿಯಾಗಿದ್ದುದರಿಂದಲೇ ಆ ವಿದ್ಯೆಯನ್ನು ಕೇಳಿದನು. ತನ್ನ ಕುದುರೆಯ ವಿದ್ಯೆಯಾದ ಅಶ್ವಹೃದಯಕ್ಕೆ ಬದಲಾಗಿ ಪಗಡೆಯ ವಿದ್ಯೆಯಾದ ಅಕ್ಷಹೃದಯವನ್ನು ಪಡೆದನು. ಪಡೆದೊಡನೆಯೇ ವರ್ಷಗಳಿಂದ ದೇಹದೊಳಗೆ ಹೊಕ್ಕು ಪೀಡಿಸುತ್ತಿದ್ದ ಕಲಿಪುರುಷನು ವಿಷವನ್ನು ಕಾರುತ್ತ ಹೊರಬಿದ್ದು ಆ ತಾರೆಮರವನ್ನು ಸೇರಿದನು. ಪಗಡೆಯಲ್ಲಿ ರಾಜ್ಯವನ್ನು ಕಳೆದುಕೊಂಡವನಿಗೆ ಬಿಡುಗಡೆ ಬಂದದ್ದು ಪ್ರಾರ್ಥನೆಯಿಂದಲ್ಲ, ಎಣಿಕೆಯಿಂದ ಎಂಬ ಈ ಕಥೆಯನ್ನು ನಮ್ಮ ಹರಿಕಥೆಯ ದಾಸರು ಇನ್ನಷ್ಟು ವಿಸ್ತರಿಸಿ ಹೇಳಬಹುದಾಗಿತ್ತು.

ತಾಳೆ ನೋಡಿದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ. "ನೂರಕ್ಕೆ ತೊಂಬತ್ತು ಪಾಸಾಗ್ತೀನಿ" ಎಂದು ಮನೆಗೆ ಹೊರಟ ಹುಡುಗಿ ಹೇಳುತ್ತಾಳೆ. ಆ ತೊಂಬತ್ತು ಎಲ್ಲಿದೆ? ಉತ್ತರಪತ್ರಿಕೆಯಲ್ಲಿ ಇಲ್ಲ, ಅಲ್ಲಿರುವುದು ಪಾಸೋ ಫೇಲೋ ಎರಡರಲ್ಲೊಂದು. ಪೋಲಿಷ್ ವಂಶದ ಸಂಖ್ಯಾಶಾಸ್ತ್ರಜ್ಞ ಯೆಝಿ ನೇಮನ್ 1937 ರಲ್ಲಿ, ನಿಜವಾದ ಬೆಲೆ ಇಂಥ ಎರಡು ಅಂಕಿಗಳ ನಡುವೆ ಇದೆಯೆಂದು ಹೇಳುವ ವಿಶ್ವಾಸಾಂತರದ ಸಿದ್ಧಾಂತವನ್ನು ರಚಿಸಿದಾಗ ಈ ಸೂಕ್ಷ್ಮವನ್ನೇ ಒತ್ತಿ ಹೇಳಿದನು: ಶೇಕಡಾ 95 ಎಂಬ ಭರವಸೆ ಸೇರಿರುವುದು ವಿಧಾನಕ್ಕೆ, ಆ ವಿಧಾನದಿಂದ ಈ ಸಲ ದೊರೆತ ಅಂಕಿಗಳಿಗಲ್ಲ. ಅದೇ ವಿಧಾನವನ್ನು ಮತ್ತೆ ಮತ್ತೆ ಅನುಸರಿಸಿದರೆ ನೂರರಲ್ಲಿ ತೊಂಬತ್ತೈದು ಸಲ ನಿಜವನ್ನು ಹಿಡಿಯುವೆವು. ಈ ಸಲ ಹಿಡಿದಿದ್ದೇವೆಯೋ ಇಲ್ಲವೋ ಎಂಬುದನ್ನು ವಿಧಾನವು ಹೇಳಲಾರದು. ಸಂಭವವನ್ನು ನಮ್ಮ ತಿಳಿವಿನ ಅಳತೆಯೆಂದು ಬಗೆಯುವ ಇನ್ನೊಂದು ಪಂಥದವರು ಇದಕ್ಕೆ ಒಪ್ಪುವುದಿಲ್ಲ. ಅವರ ವಾದಕ್ಕೂ ಬಲವಿದೆ. ಗೀತೆಯ ಕರ್ಮಯೋಗವನ್ನು ಇಲ್ಲಿಗೆ ಎಳೆತಂದು ಆಧುನಿಕ ಶಾಸ್ತ್ರವೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂದು ಸಾಧಿಸುವ ಚಪಲ ನನಗಿಲ್ಲ. ಆದರೂ ಅಧಿಕಾರವು ಕರ್ಮದಲ್ಲಿ ಮಾತ್ರವೆಂದೂ ಫಲದಲ್ಲಿ ಅಲ್ಲವೆಂದೂ ಕೇಳಿ ಬೆಳೆದವರಿಗೆ ನೇಮನ್‌ನ ಮಾತು ಅಪರಿಚಿತವಾಗಿ ಕೇಳಿಸಬೇಕಾಗಿಲ್ಲ.

ಮನುಷ್ಯನ ತಿಳಿವಿಗೆ ಮಿತಿಯುಂಟೆಂದು ಎಲ್ಲ ಧರ್ಮಗಳೂ ಹೇಳಿವೆ. ಆ ಮಿತಿ ಎಷ್ಟೆಂದು ಅಳೆದು ಹೇಳಿದವರು ವಿರಳ. ಅವರಲ್ಲೊಬ್ಬರು ಇದೇ ಸೀಮೆಯಲ್ಲಿ ಹುಟ್ಟಿದವರು. ಅಂದಿನ ಬಳ್ಳಾರಿ ಜಿಲ್ಲೆಗೆ, ಇಂದಿನ ವಿಜಯನಗರ ಜಿಲ್ಲೆಗೆ ಸೇರಿದ ಹೂವಿನಹಡಗಲಿಯಲ್ಲಿ 1920 ರ ಸೆಪ್ಟೆಂಬರ್ 10 ರಂದು ತೆಲುಗು ಮನೆತನವೊಂದರ ಎಂಟನೆಯ ಮಗುವಾಗಿ ಜನಿಸಿ, ಎಂಟನೆಯವನಾದ ಕೃಷ್ಣನ ಹೆಸರನ್ನು ಪಡೆದ ಕಲ್ಯಂಪುಡಿ ರಾಧಾಕೃಷ್ಣ ರಾವ್ ಅವರು, ಇಪ್ಪತ್ತೈದು ತುಂಬುವ ವಯಸ್ಸಿನಲ್ಲಿ, 1945 ರಲ್ಲಿ, ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಕೈಯಲ್ಲಿರುವ ದತ್ತಾಂಶದಲ್ಲಿ ಎಷ್ಟು ಮಾಹಿತಿ ಅಡಗಿದೆಯೋ ಅದಕ್ಕೆ ತಕ್ಕಂತೆ, ಪಕ್ಷಪಾತವಿಲ್ಲದ ಯಾವ ಅಂದಾಜೂ ಒಂದು ಮೇರೆಗಿಂತ ಹೆಚ್ಚು ನಿಖರವಾಗಲಾರದೆಂಬುದನ್ನು ಅದು ಸಾಧಿಸಿತು. ಎಷ್ಟೇ ಜಾಣ್ಮೆಯನ್ನು ಹೂಡಿದರೂ ಆ ಮೇರೆಯನ್ನು ದಾಟುವಂತಿಲ್ಲ. ಸ್ವೀಡನ್ನಿನ ಕ್ರಾಮೆರ್‌ನ ಹೆಸರಿನೊಡನೆ ಸೇರಿ ಅದು ಇಂದು ಕ್ರಾಮೆರ್-ರಾವ್ ಮೇರೆಯೆಂದು ಪ್ರಸಿದ್ಧ. ರಾವ್ ಅವರಿಗೆ 2023 ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ನೂರಾ ಎರಡು ವರ್ಷ ದಾಟಿದ್ದ ಅವರು ತೀರಿಕೊಂಡರು. ಹಡಗಲಿಯ ಹೆಸರು ಮಲ್ಲಿಗೆಗಾಗಿ ಮಾತ್ರ ನೆನಪಾಗುವುದು ನ್ಯಾಯವಲ್ಲ.

ಹರಕೆ ಹೊತ್ತು ಸರಿದುಹೋದ ಮಗುವನ್ನು ನಾನು ಹೀಗಳೆಯುತ್ತಿಲ್ಲ. ನಾಳೆ ಇನ್ನೊಂದು ಪತ್ರಿಕೆಯಿರುವಾಗ ಇಂದಿನದನ್ನು ಮನಸ್ಸಿನಿಂದ ಇಳಿಸಿಕೊಳ್ಳಲು ಯಾವುದಾದರೊಂದು ಹೆಗಲು ಬೇಕಾಗುವುದು ಸಹಜ; ದೇವರ ಹೆಗಲು ಅದಕ್ಕೆ ಒದಗಿದರೆ ಆಕ್ಷೇಪವೇಕೆ? ಆದರೆ ಅದನ್ನು ಸಾಂತ್ವನವೆಂದು ಕರೆಯೋಣ, ಭಕ್ತಿಯೆಂದು ಕರೆಯುವುದು ಬೇಡ. ನಿಂತು ತಾಳೆ ನೋಡಿದವನಿಗೆ ನಾಸ್ತಿಕನೆಂಬ, ಸುಮ್ಮನೆ ಚಿಂತೆ ಹಚ್ಚಿಕೊಂಡವನೆಂಬ ಬಿರುದನ್ನು ಕೊಡುವುದೂ ಬೇಡ.

ಲೌಕಿಕವಾದ ಮಾತೊಂದನ್ನು ತಂದೆತಾಯಿಗಳಿಗೆ ಹೇಳುವುದಿದೆ. ಮೊಹರು ಮಾಡಿದ ಕಟ್ಟು ಹಿಂದಿನಷ್ಟು ಅಭೇದ್ಯವಾಗಿ ಈಗ ಉಳಿದಿಲ್ಲ. ದ್ವಿತೀಯ ಪಿಯುಸಿಯ ಫಲಿತಾಂಶ ಬಂದ ಮೇಲೆ ನಿಗದಿಯಾದ ಶುಲ್ಕವನ್ನು ಕಟ್ಟಿ ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿಕೊಳ್ಳಬಹುದು, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು; 2024 ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸುವ ಪದ್ಧತಿಯೂ ಬಂದಿತು. ಬಸ್ಸಿಳಿದು ತಾಳೆ ನೋಡುವಾಗ ತಮಗೆ ಬಂದ ಉತ್ತರಗಳನ್ನು ಪ್ರಶ್ನೆಪತ್ರಿಕೆಯ ಅಂಚಿನಲ್ಲಿಯೇ ಗುರುತು ಹಾಕಿಕೊಂಡಿರಲು ಮಕ್ಕಳಿಗೆ ಹೇಳಿರಿ. ಆ ಹಾಳೆಯನ್ನು ಫಲಿತಾಂಶ ಬರುವವರೆಗೆ ಎಸೆಯದೆ ಇಟ್ಟುಕೊಳ್ಳಿರಿ.